ಐವತ್ತು ಪುಷ್‌ಅಪ್

ನೋವಿನ ಮುಲಾಮಿನ ವಾಸನೆ ಬಂದರೆ ಇಂದಿಗೂ ನನ್ನ ಬಾಯಲ್ಲಿ ಎಣಿಕೆ ಶುರುವಾಗುತ್ತದೆ.

ಬಸವನಗುಡಿಯ ಒಂದು ಕಲ್ಯಾಣಮಂಟಪದ ತಾರಸಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಮಗೆ ಕರಾಟೆ ಕ್ಲಾಸು ಇರುತ್ತಿತ್ತು. ಗುದ್ದು ಎದುರಿನವರ ಮುಖದಿಂದ ನಾಲ್ಕು ಬೆರಳು ದೂರದಲ್ಲೇ ನಿಲ್ಲಬೇಕು ಎಂಬುದು ಸರ್ ಮಾಡಿದ್ದ ನಿಯಮ. ಅವತ್ತು ನನ್ನ ಜೋಡಿ ಶೈಲಜಾ ಹೊಸ ಹಳದಿ ಬೆಲ್ಟ್ ಕಟ್ಟಿಕೊಂಡು ಬಂದಿದ್ದಳು. ನನ್ನದು ಇನ್ನೂ ಬಿಳಿ. ನಾನು ಕೈ ನಿಲ್ಲಿಸಲಿಲ್ಲ. ಅವಳ ಮೂಗಿನಿಂದ ಆ ಹಳದಿಯ ಮೇಲೆ ರಕ್ತ ತೊಟ್ಟಿಕ್ಕಿತು.

"ಅವ್ಳೇ ಮುಂದೆ ಬಂದ್ಬಿಟ್ಳು ಸಾರ್," ಎಂದೆ.

ಶೈಲಜಾ ನನ್ನನ್ನೇ ನೋಡಿದಳು. ಸರ್ ಅವಳ ಮೂಗಿಗೆ ಒದ್ದೆ ಕರ್ಚೀಫು ಒತ್ತಿ ಕೂರಿಸಿದರು. ಆಮೇಲೆ ನನ್ನ ಬಳಿ ಬಂದರು.

"ಮಕ್ಳಿಗೆ ಏಟಾದ್ರೆ ತಪ್ಪು ಕಲಿಸ್ದೋನ್ದು. ಐವತ್ತು ಪುಷ್‌ಅಪ್ ನಾನು ಹೊಡೀತೀನಿ, ನೀನು ಎಣ್ಸು."

ಅವರ ಕ್ಲಾಸಿನಲ್ಲಿ ಅದೇ ಪದ್ಧತಿ. ಆದರೆ ಹಿಂದಿನ ವಾರ ಸ್ಕೂಟರಿನಿಂದ ಬಿದ್ದು ಉಳುಕಿದ್ದ ಅವರ ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು, ಮುಲಾಮು ಘಾಟಾಗಿ ಮೂಗಿಗೆ ಬಡಿಯುತ್ತಿತ್ತು. ಕಾದ ಸಿಮೆಂಟಿನ ಮೇಲೆ ಅಂಗೈ ಊರಿದರು. ಇಪ್ಪತ್ತರ ಹೊತ್ತಿಗೆ ಆ ತೋಳು ನಡುಗತೊಡಗಿತು. ಬೇಗ ಮುಗಿದುಹೋಗಲಿ ಎಂದು ನಾನು ಇಪ್ಪತ್ತಾರಾದ ಮೇಲೆ ಮೂವತ್ತೇಳು ಎಂದೆ.

ಸರ್ ಅಂಗೈ ಊರಿದ್ದಂತೆಯೇ ನಿಲ್ಲಿಸಿದರು. ತಲೆ ಎತ್ತದೆ, "ಮಧ್ಯ ಹತ್ತು ನುಂಗ್ಬಿಟ್ಯಲ್ಲಮ್ಮ. ಮೊದಲಿಂದ ಎಣ್ಸು," ಎಂದರು.

ಆಗಲೂ ನಿಜ ಹೇಳಬಹುದಿತ್ತು. ನಾನು "ಒಂದು" ಎಂದೆ.