ಭುಜದ ಮೇಲಿನ ಕಾಲು

ಚೆನ್ನೈನ ಮೈದಾನವೊಂದರಲ್ಲಿ ಅಂಗಾತ ಮಲಗಿದ್ದ ನೇಹಾಳ ಕಾಲು ತುಂಗಾಳ ಭುಜದ ಮೇಲಿತ್ತು. ತಾನು ಇನ್ನೊಂದು ಸಲ ಜೋರಾಗಿ ಮುಂದಕ್ಕೆ ಬಾಗಿದರೆ ಸಾಕು, ಅವಳ ತೊಡೆಯ ಹಿಂದಿನ ಸ್ನಾಯು ಹರಿಯುತ್ತದೆಂದು ತುಂಗಾಗೆ ಗೊತ್ತಿತ್ತು. ಆಮೇಲೆ ಈ ಹುಡುಗಿ ಕ್ಯಾಚರ್ ಆಗಿ ಕುಕ್ಕರಗಾಲಿನಲ್ಲಿ ಕೂರುವುದಿರಲಿ, ಮನೆಗೆ ಹೋಗಲು ವಡಪಳನಿಯ ಬಸ್ ಹತ್ತುವುದೂ ಕಷ್ಟ.

ಬೇಸ್‌ಬಾಲ್ ರಾಜ್ಯ ತಂಡದ ಆಯ್ಕೆ ಇನ್ನೇನು ಶುರುವಾಗುವುದರಲ್ಲಿತ್ತು. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಜಾಗ ಇಷ್ಟು ವರ್ಷ ತುಂಗಾಳದೇ; ಈಗ ಅದಕ್ಕೆ ನೇಹಾಳೂ ಪೈಪೋಟಿಗಿದ್ದಳು. "ನಿನ್ನ ಮಂಡಿಯಂತೂ ಪೂರ್ತಿ ಮಡಚಲ್ಲಮ್ಮಾ, ಅವಳಿಗಾದರೂ ಸ್ಟ್ರೆಚ್ ಮಾಡಿಸು," ಎಂದು ಕೋಚ್ ಎಲ್ಲರೆದುರೇ ತಮಿಳಿನಲ್ಲಿ ಹೇಳಿ ಕಳಿಸಿದ್ದರು.

ಕಾಲಿಡುವ ಮೊದಲು ನೇಹಾ, "ಸಾರಿ ಅಕ್ಕ, ಕಾಲು ತಾಗುತ್ತೆ," ಎಂದು ತುಂಗಾಳ ಭುಜ ಮುಟ್ಟಿ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಿದ್ದಳು. ಟ್ರಿಪ್ಲಿಕೇನ್‌ನ ತಮ್ಮ ಹೋಟೆಲಿನಲ್ಲಿ ಅಮ್ಮ ತುಂಗಾಗೆ ಕಲಿಸಿದ್ದ ಅಭ್ಯಾಸವೇ ಅದು. ಆ ಮೈದಾನದಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ಹಾಳಾದವಳು, ಕಣ್ಣಿಗೊತ್ತಿಕೊಂಡ ಮೇಲೆ ಒತ್ತುವುದಾದರೂ ಹೇಗೆ? ತುಂಗಾ ಹಿಂದೆ ಸರಿದು ಆ ಕಾಲನ್ನು ಮೆಲ್ಲಗೆ ನೆಲಕ್ಕಿಳಿಸಿದಳು.

ನೇಹಾ ಎದ್ದು, ಹಿಮ್ಮಡಿಗಳನ್ನು ನೆಲಕ್ಕೂರಿ ಸಲೀಸಾಗಿ ಕುಕ್ಕರಗಾಲಿನಲ್ಲಿ ಕೂತಳು. ತುಂಗಾಳ ಜೆರ್ಸಿಯ ಭುಜದ ಮೇಲೆ ಕೆಂಪು ಮಣ್ಣಿನ ಹೆಜ್ಜೆ ಮೂಡಿತ್ತು.

"ಕೋಚ್ ಹಾಗಂದಾಗ ನಿಮ್ಮ ಮುಖ ನೋಡಿದ್ದೆ ಅಕ್ಕ," ಎಂದಳು ನೇಹಾ, ಗ್ಲೌಸ್ ತೊಡುತ್ತಾ. "ಏನಾದ್ರೂ ಮಾಡಿಬಿಡ್ತೀರಿ ಅಂತ ಆಗಲೇ ಅನ್ನಿಸಿತ್ತು. ಅದಕ್ಕೇ ಮೊದಲೇ ಕಣ್ಣಿಗೊತ್ತಿಕೊಂಡೆ."