ಬಟ್ಟಲಲ್ಲಿ ಉಳಿದ ಬೇವು

ಯುಗಾದಿ ಸಂತೆಯಲ್ಲಿ ಬೇವಿನ ಹೂವನ್ನು ಮೊದಲು ಮೂಸಿ ನೋಡಿ, ಆಮೇಲೆ ಚೌಕಾಸಿ ಮಾಡಿ. ನಾನಂತೂ ಮೂಸಿದೊಡನೆ ಬಾಲ್ಯದ ಭದ್ರಾವತಿಯ ನ್ಯೂ ಟೌನಿನಲ್ಲಿರುತ್ತೇನೆ.

ಅಪ್ಪ, ದೊಡ್ಡಪ್ಪ ಮಾತು ಬಿಟ್ಟು ವರ್ಷವಾಗಿತ್ತು. ಆ ಯುಗಾದಿಯ ಮಧ್ಯಾಹ್ನ ಅಪ್ಪ ತಾವೇ ಬೇವು-ಬೆಲ್ಲ ಕಲಸಿ, "ದೊಡ್ಡಪ್ಪಂಗೆ ಕೊಟ್ಟು ಬಾ" ಎಂದು ಬಟ್ಟಲು ಕೊಟ್ಟರು. ಬಿಸಿಲು ತೂಕಡಿಸುತ್ತಿದ್ದ ದಾರಿಯಲ್ಲಿ ಬೆಲ್ಲದ ಚೂರುಗಳನ್ನು ಆರಿಸಿ ಚೀಪುತ್ತ ನಡೆದೆ. ತಲುಪುವಷ್ಟರಲ್ಲಿ ಬರೀ ಬೇವು ಉಳಿದಿತ್ತು.

"ಬೆಲ್ಲ ಹಾಕೋಕೂ ಮನಸ್ಸಿಲ್ವಾ ನಿಮ್ಮಪ್ಪಂಗೆ?" ದೊಡ್ಡಪ್ಪನ ಮುಖ ಬಿಗಿಯಿತು. ಆಮೇಲೆ ನನ್ನ ಅಂಟು ಗಲ್ಲವನ್ನೇ ನೋಡಿದರು. ಬೇವನ್ನೆಲ್ಲ ನಿಧಾನವಾಗಿ ಅಗಿದು ನುಂಗಿ, ಚಪ್ಪಲಿ ಮೆಟ್ಟಿ, ನನ್ನ ಕೈ ಹಿಡಿದು ನಮ್ಮನೆಗೇ ಬಂದರು.

"ಬೆಲ್ಲ ಹಾಕೋದೇ ಮರ್ತಿದ್ದೀಯಲ್ಲೋ, ಮಾರಾಯ" ಎಂದರು ಬಾಗಿಲಲ್ಲಿ ನಿಂತು.

ಅಪ್ಪನೂ ನನ್ನ ಗಲ್ಲ ನೋಡಿದರು.

"ಹೌದಣ್ಣ, ಮರ್ತೆ. ಒಳಗೆ ಬಾ."