ದಿಬ್ಬದ ಮೇಲೆ ಕೊನೆಯ ಸುತ್ತು

ಕೆರೆಯಂಗಳದ ಕೆಸರಿನಲ್ಲಿ ಎಂಟು ಸುತ್ತಿನ ಸೈಕಲ್ ಪಂದ್ಯ. ಗೆದ್ದವನೊಬ್ಬನಿಗೇ ರಾಜ್ಯ ತಂಡದಲ್ಲಿ ಜಾಗ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಗುರಸಿದ್ದನ ಮುಂದೆ ಕಾಣುತ್ತಿದ್ದುದು ಒಂದೇ ಬೆನ್ನು. ಮೂರು ವರ್ಷದಿಂದ ತನ್ನನ್ನು ಸೋಲಿಸುತ್ತಲೇ ಬಂದಿದ್ದ ಯಮನೂರನದು.

"ಸರಿಯಲೇ ಬಾಜೂಕ!"

"ಹೋಗಪಾ, ಹೋಗು," ಎಂದು ಯಮನೂರ ತಿರುಗಿ ನಕ್ಕ.

ಆ ನಗೆಗೆ ಗುರಸಿದ್ದನ ಮೈ ಉರಿಯಿತು. ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕಾದ ದಿಬ್ಬದಲ್ಲಿ ಅವನ ಪಕ್ಕೆಗೆ ಮೊಣಕೈಯಿಂದ ತಿವಿದ. ಯಮನೂರ ಎಡಕ್ಕೆ ಸರಿದ. ಅಡ್ಡಗಟ್ಟುತ್ತಿದ್ದಾನೆಂದುಕೊಂಡ ಗುರಸಿದ್ದ ಹೆಗಲ ಮೇಲಿನ ಸೈಕಲ್ಲನ್ನೇ ಬೀಸಿದ. ಪೆಡಲ್ ಯಮನೂರನ ಬಾಯಿಗೆ ಬಡಿದು ಎರಡು ಹಲ್ಲು ಕೆಸರಿಗೆ ಬಿದ್ದವು. ಏಳಹೋದವನ ಎದೆಗೆ ಬೂಟುಗಾಲಿನಿಂದ ಒದ್ದ.

ದಿಬ್ಬದ ತುದಿಯಲ್ಲಿದ್ದ ಅಂಪೈರ್ ಸೀಟಿ ಊದುತ್ತ ಓಡಿಬಂದರು. "ಮುಗೀತು, ನೀ ಪಂದ್ಯದಿಂದ ಹೊರಗ! ಯಾಕ ಹೊಡದಿ ಅವನ್ನ?"

"ಮುಂದ ಹೋಗಾಕ ಬಿಡಲಿಲ್ರೀ ಅಂವ!"

ಯಮನೂರ ರಕ್ತ ಉಗುಳಿದ. "ದಾರಿ ಬಿಡಾಕ ಸರದಿದ್ನಲೇ, ಹುಚ್ಚ. ಪಂಚರ್ ಆಗಿ ನಾ ಒಂದು ಸುತ್ತು ಹಿಂದ ಬಿದ್ದೀನಿ. ಎಲ್ಲಾರಿಗಿಂತ ಮುಂದ ಇದ್ದಾಂವ ನೀನ."